ಡೇಕೇರ್ ಶುರುವಾಯ್ತು, ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು

ಉಡುಪಿ-ಮಣಿಪಾಲದ ನಡುವಿನ ಇಳಿಜಾರು ಜಾಗದಲ್ಲಿ ನಮ್ಮ ಡೇಕೇರ್ ಕಟ್ಟಡ ಕೊನೆಗೂ ಮುಗಿಯಿತು. ಸೋಮವಾರದಿಂದ ಮಕ್ಕಳು ಬರುತ್ತಿದ್ದಾರೆ. ಪ್ಲ್ಯಾನು, ಲೈಸೆನ್ಸು, ಲೋನು ಅಂತ ಓಡಾಡಿದ್ದೆಲ್ಲ ನಿಮಗೆ ಗೊತ್ತೇ ಇದೆ, ಮತ್ತೆ ಹೇಳಿ ಬೋರ್ ಹೊಡೆಸುವುದಿಲ್ಲ.

ಜಾಗ ಕೊಟ್ಟು "ಹಲಸಿನ ಮರ, ನೀರು ಹರಿಯುವ ತೋಡು ಎರಡನ್ನೂ ಮುಟ್ಟಬೇಡಿ" ಅಂತ ಒಂದೇ ಷರತ್ತು ಹಾಕಿದ ಟೀಚರ್‌ಗೆ, ಇಂಜಿನಿಯರ್ ಗೆಳತಿಗೆ, ಹಳೆ ಮನೆ ಕೆಡವುವಾಗ ಹಂಚು ಒಡೆಯದಂತೆ ಇಳಿಸಿ ಕಳಿಸಿದ ಕುಂದಾಪುರದ ಭಾವನಿಗೆ, ಮಕ್ಕಳ ತಲೆ ಮೇಲೆ ಹಲಸಿನಹಣ್ಣು ಬಿದ್ದರೆ ಎಂತ ಮಾಡ್ತೀರಿ ಅಂತ ಕೇಳಿದ ಅಪ್ಪ-ಅಮ್ಮಂದಿರಿಗೆ ಥ್ಯಾಂಕ್ಸ್. (ಎಳೆ ಗುಜ್ಜೆ ಇರುವಾಗಲೇ ಕೊಯ್ದು ಪಲ್ಯ ಮಾಡ್ತೇವೆ. ಮುಗೀತಲ್ವಾ?)

ಇನ್ನು ನಮ್ಮ ಮೇಸ್ತ್ರಿಯಣ್ಣ.

ಹಂಚಿನ ಮಾಡು ಏರುವ ಮೊದಲೇ ಮಳೆ ಹಿಡಿಯಿತು. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಅದಕ್ಕೇ ತೋಡನ್ನು ಪೈಪಿಗೆ ಹಾಕದೆ ತೆರೆದೇ ಬಿಟ್ಟು, ಕಟ್ಟಡವನ್ನು ಹಿಂದೆ ಸರಿಸಿದ್ದೆವು. ಆದರೆ ಮೇಲಿನ ಜಾಗದಲ್ಲಿ ಯಾರೋ ಮಣ್ಣು ತುಂಬಿಸಿದ್ದರು. ಒಂದು ರಾತ್ರಿ ಆ ಮಣ್ಣು ಬಂದು ತೋಡು ಕಟ್ಟಿಕೊಂಡು, ಕೆಂಪು ನೀರು ಸೀದಾ ಕಟ್ಟಡದ ಪಂಚಾಂಗದ (ಅಡಿಪಾಯದ) ಕಡೆ ನುಗ್ಗಿತು.

ಫೋನ್ ಮಾಡಿದ ಕೂಡಲೇ ಮೇಸ್ತ್ರಿಯಣ್ಣ ಸ್ಕೂಟರಲ್ಲಿ ಬಂದರು. ಕರೆಂಟಿಲ್ಲ. ಗುದ್ದಲಿ ಹಿಡಿದು ಮೇಲಿನಿಂದ ನೀರು ಹೋಗಲು ಕಣಿ ಕಡಿಯುತ್ತಾ ಬಂದರು, ನಾನು ಟಾರ್ಚ್ ಹಿಡಿದಿದ್ದೆ. ಒಂದು ಹೊತ್ತಿಗೆ ನನಗೆ ಸಾಕಾಗಿ ಹೋಯ್ತು. ಮುರಕಲ್ಲಿನ ರಾಶಿ ಮೇಲೆ ಕೂತು ಅತ್ತುಬಿಟ್ಟೆ. ಯಾಕೆ ಬೇಕಿತ್ತು ಈ ಮರ, ಈ ತೋಡು, ಸುಮ್ನೆ ಕಾಂಕ್ರೀಟ್ ಡಬ್ಬಿ ಕಟ್ಟಿದ್ದರೆ ಯಾರು ಕೇಳುತ್ತಿದ್ದರು ಅಂತ ಗಟ್ಟಿಯಾಗಿಯೇ ಕೂಗಿದೆ. ಅವರು ಸಮಾಧಾನ ಹೇಳಲಿಲ್ಲ. "ಟಾರ್ಚ್ ಸ್ವಲ್ಪ ಈಚೆ ಹಿಡೀರಿ ಮೇಡಂ" ಅಂದರು. ಎದ್ದೆ.

ಬೆಳಗಾಗುವಾಗ ನೀರು ತೋಡಿಗೆ ಇಳಿದಿತ್ತು. ಇನ್ನು ಮನೆಗೆ ಹೋಗ್ತಾರೆ ಅಂದುಕೊಂಡರೆ ಹಲಸಿನ ಬುಡದಲ್ಲಿ ಕೂತಿದ್ದಾರೆ. ಅಲ್ಲಿ ದಪ್ಪಕ್ಕೆ ನಿಂತಿದ್ದ ಕೆಸರನ್ನು ಕೈಯಲ್ಲೇ ಬಳಿದು ಬುಟ್ಟಿಗೆ ತುಂಬುತ್ತಿದ್ದರು. ಮರದ ಬೇರು ಜಾಸ್ತಿ ಇರುವುದು ಮೇಲಿನ ಎರಡಡಿ ಮಣ್ಣಿನಲ್ಲೇ, ಅದರ ಮೇಲೆ ಕೆಸರು ಕೂತರೆ ಗಾಳಿ ಸಿಗುವುದಿಲ್ಲ ಅಂತ ನಾನು ಓದಿದ್ದೆ. ಅವರಿಗೆ ಓದಬೇಕಾಗಿರಲಿಲ್ಲ. ಗುದ್ದಲಿ ತನ್ನಿ ಅಂತ ಕೂಲಿಯವನಿಗೆ ಹೇಳಹೊರಟೆ. "ಬೇಡ, ಬೇರಿಗೆ ತಾಗ್ತದೆ" ಅಂದರು.

ಈಗ ಆ ಮರದ ಕಡೆಗೇ ದೊಡ್ಡ ಕಿಟಕಿ. ನೆಲದಿಂದ ಒಂದೇ ಅಡಿ ಎತ್ತರ, ಕೂತ ಮಗುವಿಗೂ ತೋಡು ಕಾಣಬೇಕಲ್ವಾ. ಪಡುವಿನಿಂದ ಬೀಸಿ ಹೊಡೆಯುವ ಮಳೆ ಒಳಗೆ ಬಾರದಂತೆ ಮಾಡನ್ನು ಜಗಲಿ ದಾಟಿಸಿ ಇಳಿಸಿದ್ದೇವೆ. ಮಲಗುವ ಕೋಣೆಗೆ ಬೆಳಕಿಗೆ ಎರಡು ಗಾಜಿನ ಹಂಚು. ಮಧ್ಯಾಹ್ನ ಬಿಸಿಲಿನ ತುಂಡು ನೆಲದ ಮೇಲೆ ಸರಿಯುವುದನ್ನು ನೋಡ್ತಾ ಮಕ್ಕಳು ಮಲಗುವುದೇ ಇಲ್ಲ ಅಂತ ಡೇಕೇರ್‌ನ ಟೀಚರ್ ದೂರು ಕೊಟ್ಟಿದ್ದಾರೆ. ಇರಲಿ.

ಮೇಸ್ತ್ರಿಯಣ್ಣನ ಕೊನೆಯ ಬಿಲ್ಲು ಮೊನ್ನೆ ಬಂತು. ಆ ರಾತ್ರಿಯ ಕೂಲಿ ಅದರಲ್ಲಿಲ್ಲ. ಕೇಳಿದರೆ "ಅದೆಂಥದ್ದು ಮಾರಾಯ್ರೆ" ಅಂತ ನಗ್ತಾರೆ. ಅಣ್ಣ, ದಯವಿಟ್ಟು ಬರೆಯಿರಿ. ಇಲ್ಲಾಂದ್ರೆ ನಾನೇ ಬರೀತೇನೆ, ಆಮೇಲೆ ಜಾಸ್ತಿ ಆಯ್ತು ಅಂತ ಜಗಳಕ್ಕೆ ಬರಬೇಡಿ.