ನಕ್ಕಿದ್ದಕ್ಕೆ ನೊಂದುಕೊಳ್ಳಬೇಡ, ಗೆಳೆಯಾ

ಪ್ರಿಯ ಗೆಳೆಯಾ,

ನಿನ್ನ ಪತ್ರ ಬಂತು. ಒಮ್ಮೆ ನಾನೇ ಓದಿಕೊಂಡೆ, ಆಮೇಲೆ ಅಕ್ಕನಿಗೂ ಓದಿ ಹೇಳಿದೆ. ತಮ್ಮ ತೀರಿಕೊಂಡ ಮೇಲೆ ನೀನು ಇಷ್ಟು ಮನಸ್ಸು ಬಿಚ್ಚಿ ಬರೆದದ್ದು ಇದೇ ಮೊದಲು. ಮಗಳು ಅಜ್ಜನ ಹಲ್ಲುಸೆಟ್ಟನ್ನು ಬಾಯಿಗೆ ಹಿಡಿದುಕೊಂಡು ಜಗಲಿಗೆ ಬಂದಳು, ನಿನಗೆ ನಗು ತಡೆಯಲಿಕ್ಕೆ ಆಗಲಿಲ್ಲ, ಆಮೇಲೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ ಅಂತ ಬರೆದಿದ್ದೀಯ. "ಅವನು ಹೋಗಿ ವರ್ಷ ತುಂಬಿಲ್ಲ, ನಾನು ಹೇಗೆ ನಕ್ಕೆ?" ಆ ಸಾಲು ಓದುವಾಗ ಅಕ್ಕ ಕಣ್ಣೊರೆಸಿಕೊಂಡಳು.

ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿದ್ದೀಯ. "ನಿಮ್ಮ ಮನೆಯಲ್ಲಿ ಅಷ್ಟೆಲ್ಲ ಆದರೂ ನೀವೆಲ್ಲ ನಗುತ್ತೀರಿ. ನಿಮ್ಮ ಯೇಸು ದುಃಖ ಮರೆಸಿಬಿಡುತ್ತಾನಾ?"

ಇಲ್ಲ ಮಾರಾಯ, ಮರೆಸುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನನ್ನು ಚರ್ಚಿಗೆ ಎಳೆಯಲಿಕ್ಕೆ ಇದನ್ನು ಬರೆಯುತ್ತಿಲ್ಲ, ಅದು ನಿನಗೂ ಗೊತ್ತು. ನೀನು ಕೇಳಿದ್ದೀಯ, ಹಾಗಾಗಿ ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಅಪ್ಪನಿಗೆ ಲಕ್ವ ಹೊಡೆದಾಗ ನೀನು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ರಾತ್ರಿಯಿಡೀ ನನ್ನ ಜೊತೆ ಕೂತಿದ್ದೆ. ಬಲಗೈ, ಬಲಗಾಲು ಬಿದ್ದುಹೋಯಿತು. ಮಾತೂ ಹೋಯಿತು. ಹಂಚಿನ ಕಾರ್ಖಾನೆಯ ಸದ್ದಿನಲ್ಲಿ ಜೋರಾಗಿ ಮಾತಾಡಿಯೇ ಅಭ್ಯಾಸವಾದ ಮನುಷ್ಯ ಅವರು. ಅವರ ಬಾಯಲ್ಲಿ ಉಳಿದದ್ದು ಒಂದೇ ಒಂದು ಶಬ್ದ, "ಸಾಕು." ನೀರು ಬೇಕಾದರೂ ಸಾಕು, ಹಸಿವಾದರೂ ಸಾಕು, ಫ್ಯಾನ್ ಹಾಕಬೇಕಾದರೂ ಸಾಕು. ಯಾವ ಸಾಕಿಗೆ ಏನು ಅರ್ಥ ಅಂತ ಅಮ್ಮನಿಗೆ ಮಾತ್ರ ತಿಳಿಯುತ್ತಿತ್ತು. ಹೀಗೆ ಒಂದೇ ಶಬ್ದ ಉಳಿಯುವುದು ಎಷ್ಟೋ ಜನರಿಗೆ ಆಗುತ್ತದೆ ಅಂತ ಡಾಕ್ಟರು ಹೇಳಿದರು.

ಮನೆಗೆ ಕರೆತಂದ ಮೇಲೆ ಒಂದು ಸಂಜೆ ಸಭಾಪಾಲಕರು ಬಂದರು. ಜೊತೆಗೆ ನಮ್ಮ ಸಭೆಯ ಹಿರಿಯರೊಬ್ಬರು. ಹಿರಿಯರು ಅಪ್ಪನ ಮಂಚದ ಹತ್ತಿರ ನಿಂತು ಪ್ರಾರ್ಥನೆ ಶುರು ಮಾಡಿದರು. ಅಪ್ಪನ ಕೈಗಾಗಿ ಬೇಡಿದರು, ಕಾಲಿಗಾಗಿ ಬೇಡಿದರು. ಅಲ್ಲಿಂದ ಊರಿನ ಎಲ್ಲ ರೋಗಿಗಳಿಗೆ ಹೋದರು, ಅಲ್ಲಿಂದ ದೇಶ ಆಳುವವರಿಗೆ, ಅಲ್ಲಿಂದ ಮಳೆಬೆಳೆಗೆ. ಅಮ್ಮ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಆಗ ಮಂಚದಿಂದ ಸ್ಪಷ್ಟವಾಗಿ ಕೇಳಿಸಿತು.

"ಸಾಕು."

ಎಲ್ಲರೂ ತೆಪ್ಪಗಾದೆವು. ಮೊದಲು ನಕ್ಕದ್ದು ಅಮ್ಮ, ಸೆರಗು ಬಾಯಿಗೆ ಒತ್ತಿಕೊಂಡು. ಆಮೇಲೆ ಸಭಾಪಾಲಕರು. ಹಿರಿಯರಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಆಮೆನ್" ಅಂತ ಹೇಳಿ ಅಪ್ಪನ ಕೈ ಹಿಡಿದುಕೊಂಡರು. ಅಪ್ಪನ ಮುಖದ ಎಡಬದಿ ಮಾತ್ರ ನಕ್ಕಿತು, ಬಲಬದಿಗೆ ಆಗುತ್ತಿರಲಿಲ್ಲ. ಆದರೆ ಅದು ಅಪ್ಪನದೇ ನಗು, ನಾವು ಕಳೆದುಹೋಯಿತು ಅಂದುಕೊಂಡಿದ್ದ ನಗು. ಅವತ್ತೇ ಬೆಳಿಗ್ಗೆ ನಾನು ಆಸ್ಪತ್ರೆ ಬಿಲ್ಲಿಗಾಗಿ ಅಮ್ಮನ ಬಳೆ ಅಡವಿಟ್ಟು ಬಂದಿದ್ದೆ. ಆ ಚೀಟಿ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ನಗುವಾಗಲೂ ಇತ್ತು.

ನಿನ್ನ ಪತ್ರ ಓದಿದ ಮೇಲೆ ಆ ಸಂಜೆಯ ಬಗ್ಗೆ ತುಂಬಾ ಯೋಚಿಸಿದೆ. ಪ್ರಾರ್ಥನೆಯ ನಡುವೆ ನಗಲಿಕ್ಕೆ ನಮಗೆ ಹೇಗೆ ಧೈರ್ಯ ಬಂತು? ನಾವು ಯಾರ ಮುಂದೆ ನಿಂತಿದ್ದೇವೆ ಅಂತ ನಮಗೆ ಗೊತ್ತಿತ್ತು. ನಕ್ಕರೆ ಮುನಿಸಿಕೊಳ್ಳುವವನಲ್ಲ ಆತ. ಅತ್ತರೆ ಬೇಸರಪಡುವವನೂ ಅಲ್ಲ.

ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಇಂಥದೇ ಒಂದು ಕಥೆ ಇದೆ. ಅಪೊಸ್ತಲರ ಕೃತ್ಯಗಳ ಪುಸ್ತಕದ 12ನೇ ಅಧ್ಯಾಯ. ಅದರ ಮೊದಲಲ್ಲೇ ಒಂದು ಸಾವು. ಹೆರೋದ ರಾಜ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಯಾಕೋಬ ಅಂದರೆ ಯೋಹಾನನ ಒಡಹುಟ್ಟಿದವನು, ಇಬ್ಬರೂ ಯೇಸುವಿನ ಶಿಷ್ಯರು. ಆಮೇಲೆ ಇನ್ನೊಬ್ಬ ಶಿಷ್ಯ ಪೇತ್ರನನ್ನೂ ಹಿಡಿದು ಸೆರೆಗೆ ಹಾಕುತ್ತಾರೆ. ಕಾವಲಿಗೆ ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ಗುಂಪು. ಯೇಸುವನ್ನು ನಂಬಿದ ಹಲವರು ಒಂದು ಮನೆಯಲ್ಲಿ ಸೇರಿ ರಾತ್ರಿ ಅವನಿಗಾಗಿ ಪ್ರಾರ್ಥಿಸುತ್ತಿರುತ್ತಾರೆ. ಅತ್ತ ದೇವದೂತ ಬಂದು ಪೇತ್ರನನ್ನು ಬಿಡಿಸುತ್ತಾನೆ. ಪೇತ್ರ ನೇರ ಆ ಮನೆಗೆ ಬಂದು ಬಾಗಿಲು ತಟ್ಟುತ್ತಾನೆ. ರೋದೆ ಎಂಬ ಕೆಲಸದ ಹುಡುಗಿ ಬರುತ್ತಾಳೆ, ದನಿ ಕೇಳಿ ಇವನು ಪೇತ್ರನೇ ಅಂತ ಗುರುತು ಹಿಡಿಯುತ್ತಾಳೆ. ಖುಷಿಯಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ! ಒಳಗಿನವರು "ನಿನಗೆ ಹುಚ್ಚು" ಅನ್ನುತ್ತಾರೆ. ಪೇತ್ರ ಬರಲಿ ಅಂತ ಬೇಡುತ್ತಿದ್ದವರೇ ಪೇತ್ರ ಬಂದದ್ದನ್ನು ನಂಬುವುದಿಲ್ಲ. ಅವನು ಪಾಪ, ಹೊರಗೆ ನಿಂತು ತಟ್ಟುತ್ತಲೇ ಇರುತ್ತಾನೆ.

ಇದನ್ನು ಓದಿ ನಗದವರು ಯಾರು? ಬರೆದಾತನೂ ನಗುತ್ತಲೇ ಬರೆದಿರಬೇಕು ಅಂತ ನನಗನ್ನಿಸುತ್ತದೆ. ಆದರೆ ಆ ಮನೆಯಲ್ಲಿ ಯಾಕೋಬನ ಸಾವಿನ ದುಃಖ ಇನ್ನೂ ಹಸಿಯಾಗಿತ್ತು. ಪೇತ್ರ ಬದುಕಿ ಬಂದ, ಯಾಕೋಬ ಬರಲಿಲ್ಲ. ಒಬ್ಬನಿಗೆ ಹಾಗೆ, ಇನ್ನೊಬ್ಬನಿಗೆ ಹೀಗೆ ಯಾಕೆ ಅಂತ ಆ ಅಧ್ಯಾಯ ಹೇಳುವುದೇ ಇಲ್ಲ. ಸಾವು, ನಗು ಎರಡನ್ನೂ ಒಂದೇ ಪುಟದಲ್ಲಿ ಇಟ್ಟು ಮುಂದೆ ಹೋಗುತ್ತದೆ. ನನಗೆ ಅದು ತುಂಬಾ ಪ್ರಾಮಾಣಿಕ ಅನ್ನಿಸುತ್ತದೆ.

ನಮ್ಮ ಮನೆಯಲ್ಲೂ ಹೆಚ್ಚುಕಡಿಮೆ ಹಾಗೆಯೇ ಆಯಿತು. ಅಪ್ಪನಿಗೆ ಮಾತು ಬರಲಿ ಅಂತ ನಾವು ದಿನಾ ಬೇಡುತ್ತಿದ್ದೆವು. ಒಂದು ರಾತ್ರಿ ಮನೆ ಪ್ರಾರ್ಥನೆಯ ಹೊತ್ತಿಗೆ ಅಮ್ಮ ಅಪ್ಪನ ಪಕ್ಕ ಕೂತು ಹಳೆಯ ಗೀತೆಯೊಂದನ್ನು ಶುರು ಮಾಡಿದರು. ಜರ್ಮನ್ ರಾಗಕ್ಕೆ ಕನ್ನಡ ಮಾತು ಹೊಂದಿಸಿದ ಗೀತೆ, ಅಪ್ಪ ಚಿಕ್ಕಂದಿನಿಂದ ಹಾಡಿದ್ದು. ಎರಡನೇ ಸಾಲಿಗೆ ಅಪ್ಪನ ದನಿ ಸೇರಿತು. ಬರೀ ರಾಗವಲ್ಲ, ಮಾತು ಸಮೇತ. ಅಡುಗೆಮನೆಯಲ್ಲಿದ್ದ ಅಕ್ಕ ಅಲ್ಲಿಂದಲೇ ಕೂಗಿದಳು: "ಪ್ರಾರ್ಥನೆ ಹೊತ್ತಲ್ಲಿ ರೇಡಿಯೋ ಹಾಕಿದ್ದು ಯಾರು?" ಅಪ್ಪ ಹಾಡುತ್ತಿದ್ದಾರೆ ಅಂದರೆ ಅವಳು ನಂಬಲೇ ಇಲ್ಲ. ಸೌಟು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಅಪ್ಪ ಅವಳನ್ನು ನೋಡುತ್ತಲೇ ಹಾಡು ಮುಗಿಸಿದರು. ಮುಗಿಸಿ ತಮಗೇ ಆಶ್ಚರ್ಯವಾಗಿ ನಕ್ಕರು. ಆ ರಾತ್ರಿ ನಾವು ಯಾರೂ ಬೇಗ ಮಲಗಲಿಲ್ಲ.

ಮರುದಿನ ಮಾತಿನ ಅಭ್ಯಾಸ ಮಾಡಿಸುವವರಿಗೆ ಹೇಳಿದೆ. ಅವರಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಮಾತಿನ ಕೆಲಸ ಹೆಚ್ಚಾಗಿ ಮೆದುಳಿನ ಎಡಬದಿಯದು, ಹಾಡಿಗೆ ಬಲಬದಿಯೂ ಸೇರಿಕೊಳ್ಳುತ್ತದೆ, ಹಾಗಾಗಿ ಮಾತು ಹೋದ ಕೆಲವರಿಗೆ ಹಳೆಯ ಹಾಡುಗಳು ಉಳಿದಿರುತ್ತವೆ ಅಂತ ವಿವರಿಸಿದರು. ಕಾರಣ ತಿಳಿದದ್ದರಿಂದ ನನ್ನ ಸಂತೋಷ ಒಂಚೂರೂ ಕಡಿಮೆಯಾಗಲಿಲ್ಲ. ಮೆದುಳನ್ನು ಹಾಗೆ ಮಾಡಿಟ್ಟ ದೇವರಿಗೆ ಸ್ತೋತ್ರ ಅಂದೆ.

ನಮ್ಮ ಕಡೆಗೆ ಆ ಗೀತೆಗಳನ್ನು ತಂದವರು 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು. ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದೂ ಅವರೇ, 1865ರಲ್ಲಿ. ಬಹಳ ಶಿಸ್ತಿನ ಜನ. ಆದರೆ ಅವರಿಗಿಂತ ಎಷ್ಟೋ ಕಾಲ ಮೊದಲು, ಜರ್ಮನ್ ಮಾತಾಡುವ ಸೀಮೆಗಳಲ್ಲಿ ಒಂದು ಪದ್ಧತಿ ಇತ್ತು. ಈಸ್ಟರ್ ದಿನ ಪಾದ್ರಿಗಳು ಪ್ರಸಂಗದ ನಡುವೆ ತಮಾಷೆ ಕಥೆ ಹೇಳಿ ಜನರನ್ನು ನಗಿಸುತ್ತಿದ್ದರು. ಯೇಸು ಸಮಾಧಿಯಿಂದ ಎದ್ದು ಬಂದ ದಿನ ನಗದೆ ಇನ್ಯಾವತ್ತು ನಗುವುದು, ಅಲ್ವಾ? ಬಾಸೆಲ್‌ನಲ್ಲೇ ಇದ್ದ ಓಕೊಲಾಂಪಾಡಿಯಸ್ ಎಂಬ ಪಂಡಿತ 1518ರಲ್ಲಿ ಇದನ್ನು ಖಂಡಿಸಿ ಬರೆದ. ಕೆಲವರು ಪೀಠದಲ್ಲಿ ನಿಂತು ಹೇಳಬಾರದ್ದನ್ನೂ ಹೇಳುತ್ತಿದ್ದರು, ಹಾಗಾಗಿ ಅವನ ಸಿಟ್ಟು ನ್ಯಾಯವೇ. ಆದರೂ ಆ ದಿನ ನಗಲೇಬೇಕು ಅನ್ನಿಸಿದ ಜನರ ಮನಸ್ಸು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಒಂದು ವಿಷಯ ಮಾತ್ರ ನನಗೆ ಸಹಿಸಲಿಕ್ಕೆ ಆಗುವುದಿಲ್ಲ. ದುಃಖದಲ್ಲಿ ಇರುವವರ ಮನೆಗೆ ಬಂದು "ಅಳಬೇಡಿ, ವಿಶ್ವಾಸ ಇದ್ದರೆ ಸಂತೋಷವಾಗಿರಿ" ಅಂತ ಹೇಳುವವರು ನಮ್ಮಲ್ಲೂ ಇದ್ದಾರೆ. ಮನಸ್ಸು ಭಾರವಾಗಿರುವವನ ಮುಂದೆ ಹಾಡು ಹಾಡುವುದು ಚಳಿಯಲ್ಲಿ ಅವನ ಬಟ್ಟೆ ಕಿತ್ತುಕೊಂಡ ಹಾಗೆ ಅಂತ ಜ್ಞಾನೋಕ್ತಿಗಳ ಪುಸ್ತಕದಲ್ಲೇ ಬರೆದಿದೆ. ಅವರು ಅದನ್ನು ಓದಬೇಕು. ಕೀರ್ತನೆಗಳನ್ನೂ ಓದಬೇಕು. 88ನೇ ಕೀರ್ತನೆ ಕತ್ತಲೆಯಲ್ಲೇ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ, ಅದನ್ನು ಯಾರೂ ಪುಸ್ತಕದಿಂದ ತೆಗೆದುಹಾಕಲಿಲ್ಲ. 13ನೇ ಕೀರ್ತನೆಯಲ್ಲಿ ಇರುವುದು ಬರೀ ಆರು ವಚನ. ಮೊದಲ ಎರಡರಲ್ಲೇ ಕೀರ್ತನೆಗಾರ ದೇವರನ್ನು "ಎಷ್ಟರ ತನಕ?" ಅಂತ ನಾಲ್ಕು ಸಲ ಕೇಳುತ್ತಾನೆ. ಕೊನೆಯಲ್ಲಿ ಹಾಡುತ್ತೇನೆ ಅನ್ನುತ್ತಾನೆ. ನಡುವೆ ಅವನ ಕಷ್ಟ ತೀರಿತು ಅಂತ ಎಲ್ಲೂ ಇಲ್ಲ. ಅಪ್ಪನ ಮಂಚದ ಪಕ್ಕ ಕೂತ ಎಷ್ಟೋ ರಾತ್ರಿ ನನಗೆ ಮೊದಲ ಎರಡು ವಚನ ಮಾತ್ರ ಹೇಳಲಿಕ್ಕೆ ಆಗುತ್ತಿತ್ತು. ಅಷ್ಟನ್ನೇ ಹೇಳಿ ಮಲಗುತ್ತಿದ್ದೆ. ಅದೂ ಪ್ರಾರ್ಥನೆಯೇ.

ಯೇಸು ಸ್ವಾಮಿಯೂ ಅತ್ತವನು. ತೀರಿಕೊಂಡ ಗೆಳೆಯ ಲಾಜರನ ಸಮಾಧಿಯ ಹತ್ತಿರ, ಇನ್ನೇನು ಅವನನ್ನು ಬದುಕಿಸಿ ಎಬ್ಬಿಸಲಿದ್ದರೂ, ಅವನ ಅಕ್ಕತಂಗಿಯರ ದುಃಖ ನೋಡಿ ಅತ್ತ. ತನ್ನನ್ನು ಹಿಡಿದುಕೊಡುವ ರಾತ್ರಿ ಊಟಕ್ಕೆ ಕೂತಾಗ ಶಿಷ್ಯರ ಹತ್ತಿರ ಸಂತೋಷದ ಮಾತು ಆಡಿದ. ನನ್ನ ಸಂತೋಷ ನಿಮ್ಮಲ್ಲಿರಬೇಕು, ಅದು ತುಂಬಿರಬೇಕು ಅಂದ. ಮರುದಿನ ಶಿಲುಬೆ ಅಂತ ಗೊತ್ತಿದ್ದವನು ಆಡಿದ ಮಾತು ಅದು. ಹಾಗಾಗಿ ನನಗೆ ಅದರ ಮೇಲೆ ನಂಬಿಕೆ.

ಇನ್ನೊಂದು ಸಂಗತಿ ನಿನಗೆ ಅಂತಲೇ ಹೇಳಬೇಕು. ಆ ಮಾತು ನಮಗೆ ಸಿಗುವುದು ಯೋಹಾನನ ಸುವಾರ್ತೆಯಲ್ಲಿ. ಅದನ್ನು ಬರೆದವನು ಅದೇ ಯೋಹಾನ ಅಂತ ಸಭೆ ಹಿಂದಿನಿಂದ ಹೇಳಿಕೊಂಡು ಬಂದಿದೆ. ಕತ್ತಿಗೆ ಬಲಿಯಾದ ಯಾಕೋಬನ ಒಡಹುಟ್ಟಿದವನು. ಅವನದೇ ಎನ್ನುವ ಪತ್ರವೊಂದರ ಮೊದಲಲ್ಲೇ, ನಮ್ಮ ಸಂತೋಷ ಪೂರ್ತಿಯಾಗಲಿ ಅಂತ ಇದನ್ನು ಬರೆಯುತ್ತಿದ್ದೇವೆ ಅನ್ನುತ್ತಾನೆ. ಜೊತೆಯಲ್ಲಿ ಬಲೆ ಬೀಸಿದ, ಒಂದೇ ದೋಣಿಯಲ್ಲಿ ಬೆಳೆದ ಒಡಹುಟ್ಟನ್ನು ಕಳೆದುಕೊಂಡವನು ಸಂತೋಷದ ಬಗ್ಗೆ ಬರೆಯುತ್ತಾನೆ. ಅವನು ಯಾಕೋಬನನ್ನು ಮರೆತಿದ್ದ ಅನ್ನುತ್ತೀಯಾ? ನಾನು ಒಪ್ಪುವುದಿಲ್ಲ.

ನೀನು ನಕ್ಕ ರಾತ್ರಿ ನಿದ್ದೆ ಯಾಕೆ ಬರಲಿಲ್ಲ ಅಂತ ನನಗೆ ಅನ್ನಿಸುವುದನ್ನು ಹೇಳಲಾ? ಅಳು ನಿಲ್ಲಿಸಿದರೆ ತಮ್ಮನ ಕೈ ಬಿಟ್ಟ ಹಾಗೆ ಅಂತ ನಿನಗೆ ಭಯ. ಅಪ್ಪನ ವಿಷಯದಲ್ಲಿ ನನಗೂ ಅದೇ ಭಯ ಇತ್ತು. ಈಗ ಇಲ್ಲ. ಅಪ್ಪನನ್ನು ಹಿಡಿದುಕೊಂಡಿರುವವನು ದೇವರು, ನಾಳೆ ಅಪ್ಪ ಹೋದರೂ ಆ ಕೈ ಬಿಡುವುದಿಲ್ಲ ಅಂತ ನಾನು ನಂಬಿದ್ದೇನೆ. ನನ್ನ ದುಃಖದಿಂದ ಅಪ್ಪನನ್ನು ಕಟ್ಟಿ ಹಾಕಬೇಕಾಗಿಲ್ಲ. ಆ ಕೆಲಸ ನನ್ನದಲ್ಲ ಅಂತ ತಿಳಿದ ಮೇಲೆ ಎದೆ ಹಗುರಾಯಿತು. ನಗು ಬಂದದ್ದು ಅಲ್ಲಿಂದ. ನಿನ್ನ ತಮ್ಮನನ್ನೂ ಆ ಕೈಯಲ್ಲೇ ಇಟ್ಟು ದಿನಾ ಪ್ರಾರ್ಥಿಸುತ್ತೇನೆ. ಇದನ್ನು ನಿನಗೆ ಇಷ್ಟು ದಿನ ಹೇಳಿರಲಿಲ್ಲ.

ಅಪ್ಪ ಈಗಲೂ ಗಾಲಿಕುರ್ಚಿಯಲ್ಲೇ ಇದ್ದಾರೆ. ಹಾಡು ಬರುತ್ತದೆ, ಮಾತು ಬರುವುದಿಲ್ಲ. ಬಳೆ ಇನ್ನೂ ಬಿಡಿಸಿಕೊಂಡಿಲ್ಲ. ಸುಮ್ನೆ ಸಿಟ್ಟು ಬರುವ ದಿನಗಳೂ ಇವೆ. ಅಮ್ಮನಿಗೆ ಮಂಡಿನೋವು ಜಾಸ್ತಿಯಾಗಿದೆ, ಅಪ್ಪನನ್ನು ಎತ್ತಿ ಕೂರಿಸಲಿಕ್ಕೆ ನಾನೋ ಅಕ್ಕನೋ ಮನೆಯಲ್ಲಿ ಇರಲೇಬೇಕು. ಆದರೂ ಸಂಜೆಯ ಹಾಡು ತಪ್ಪಿಸಿಲ್ಲ. ಹೆಚ್ಚಿನ ಸಂಜೆಗಳಲ್ಲಿ ನಗುವೂ ಇರುತ್ತದೆ.

ನಿನ್ನ ತಮ್ಮ ಕ್ರಿಸ್ಮಸ್ಸಿಗೆ ನಮ್ಮ ಕ್ಯಾರಲ್ ತಂಡದ ಜೊತೆ ಮನೆ ಮನೆಗೆ ಬರುತ್ತಿದ್ದದ್ದು ನೆನಪಿದೆಯಾ? ಒಂದು ಗೀತೆಯ ಮಾತೂ ಅವನಿಗೆ ಗೊತ್ತಿರಲಿಲ್ಲ. ಆದರೂ ಡೋಲು ಹೆಗಲಿಗೆ ಹಾಕಿಕೊಂಡು ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ. ಒಂದು ಮನೆಯಲ್ಲಿ ನಾವೆಲ್ಲ ಹಾಡು ನಿಲ್ಲಿಸಿದ ಮೇಲೂ ಕಣ್ಣು ಮುಚ್ಚಿಕೊಂಡು ಒಬ್ಬನೇ ಹಾಡುತ್ತಿದ್ದ. ಆ ಮನೆಯ ಅಜ್ಜಿ ಖುಷಿಯಾಗಿ ಅವನೊಬ್ಬನಿಗೆ ಎರಡು ತುಂಡು ಕೇಕ್ ಕೊಟ್ಟರು. ನಿನ್ನ ಮಗಳಿಗೆ ಇದನ್ನು ಹೇಳಿದ್ದೀಯಾ? ಹೇಳಿಲ್ಲ ಅಂದರೆ ಹೇಳು. ಚಿಕ್ಕಪ್ಪನ ಬಗ್ಗೆ ಅವಳಿಗೆ ಆಸ್ಪತ್ರೆಯ ಕಥೆ ಮಾತ್ರ ಗೊತ್ತಿದ್ದರೆ ಸಾಲದು. ನಿನಗೆ ಹೇಳಲಿಕ್ಕೆ ಆಗದಿದ್ದರೆ ನಾನು ಬಂದು ಹೇಳುತ್ತೇನೆ. ನನ್ನ ಹತ್ತಿರ ಅವನ ಕಥೆಗಳು ಬೇಕಾದಷ್ಟಿವೆ.

ನಿಜವಾಗಿ ಬರುತ್ತೇನೆ. ಮಳೆ ಸ್ವಲ್ಪ ಬಿಟ್ಟ ಮೇಲೆ ಒಂದು ಭಾನುವಾರ, ಚರ್ಚ್ ಮುಗಿಸಿಕೊಂಡು, ಕಾರು ಮಾಡಿಸಿಕೊಂಡು ಎಲ್ಲರೂ ಪುತ್ತೂರಿಗೆ ಬರುತ್ತೇವೆ. ಅಪ್ಪನನ್ನೂ ಕರೆತರುತ್ತೇನೆ. ನಿಮ್ಮ ಜಗಲಿಯ ಮೆಟ್ಟಿಲಿಗೆ ಗಟ್ಟಿಯಾದ ಹಲಗೆಯೊಂದು ಬೇಕು, ಗಾಲಿಕುರ್ಚಿ ಹತ್ತಿಸಲಿಕ್ಕೆ. ಊಟಕ್ಕೆ ಜಾಸ್ತಿ ಏನೂ ಮಾಡಿಸಬೇಡ, ಅಕ್ಕ ಮೀನು ಸಾರು ಮಾಡಿ ತರುತ್ತಾಳಂತೆ. ಅಪ್ಪ ಸಾಕು ಅಂದರೆ ಬಡಿಸುವುದು ನಿಲ್ಲಿಸಬೇಡ, ಅಮ್ಮನ ಮುಖ ನೋಡು, ಅವರು ಹೇಳುತ್ತಾರೆ. ಯಾವ ಭಾನುವಾರ ಅನುಕೂಲ ಅಂತ ಫೋನ್ ಮಾಡಿ ತಿಳಿಸು.

ನಿನ್ನ ಪ್ರೀತಿಯ ಗೆಳೆಯ