ಗೋಡೆಯ ಚಿತ್ರ ಸರಿ, ಪೆಟ್ಟಿಗೆಯ ಫೋಟೋ ಯಾರ ಪಾಲಿಗೆ? ಮಯಾಮಿ ಮೇಯರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಮೇಯರ್ ಅವರಿಗೆ ನಮಸ್ಕಾರಗಳು.

ಹೈಟಿ ದೇಶದಿಂದ ಬಂದವರ ಬಡಾವಣೆಯಾದ ಲಿಟಲ್ ಹೈಟಿಯ ಸಂಸ್ಕೃತಿ ಎಂದೊಡನೆ ನಮ್ಮ ಮಯಾಮಿಯಲ್ಲಿ ಎಲ್ಲರ ಬಾಯಿಗೂ ಬರುವುದು ಗೋಡೆಚಿತ್ರ, ಇಲ್ಲವೇ ಹಬ್ಬ. ಎರಡರ ಮೇಲೂ ನನಗೆ ತಕರಾರಿಲ್ಲ. ಅಲ್ಲಿನ ಅಂಗಡಿಗಳ ಮೇಲೆ ಸರ್ಜ್ ಟೂಸೇಂ ಬರೆದ ಚಿತ್ರಗಳನ್ನು, ಎಸ್ ಅಕ್ಷರದ ಜಾಗದಲ್ಲಿ ಡಾಲರ್ ಗುರುತು ಹಾಕುವ ಅವರ ಸಹಿಯನ್ನು ನೋಡಿಕೊಂಡು ನಡೆಯುವುದೇ ಒಂದು ಸುಖ. ಆದರೆ ಚಿತ್ರದ ಆಯುಷ್ಯ ಗೋಡೆಯ ಒಡೆಯನ ಕೈಯಲ್ಲಿದೆ. ಕಟ್ಟಡ ಮಾರಾಟವಾಗಿ ಹೊಸಬರು ಬಿಳಿ ಬಣ್ಣ ಬಳಿದರೆ ಕೇಳುವವರು ಯಾರು? ಹಾಗಾಗಿ ಈ ಪತ್ರ ಗೋಡೆಗಳಿಗಾಗಿ ಅಲ್ಲ. ಆ ಬೀದಿಗಳ ಮನೆಗಳೊಳಗೆ ಮಂಚದ ಕೆಳಗೆ, ಕಪಾಟಿನ ಮೇಲೆ ಉಳಿದಿರುವ ಫೋಟೋಗಳಿಗಾಗಿ, ಕ್ಯಾಸೆಟ್‌ಗಳಿಗಾಗಿ, ಅವುಗಳ ಕಥೆ ಬಲ್ಲ ಹಿರಿಯರಿಗಾಗಿ. ಅವರಿಗಾಗಿ ನಗರದ ಬಜೆಟ್‌ನಲ್ಲಿ ಒಂದು ಕೋಣೆ ಬೇಕು, ಅಲ್ಲಿ ಕೆಲಸ ಮಾಡುವವರಿಗೆ ಸಂಬಳ ಬೇಕು.

ನಾನು ಹೈಟಿ ಮೂಲದ ವ್ಯಕ್ತಿಯಲ್ಲ, ಮನೆಮಾತು ಕನ್ನಡ. ನೆರೆಯ ಹಿರಿಯರ ಹಳೆಯ ಫೋಟೋಗಳನ್ನು ಬಿಡುವಿನಲ್ಲಿ ಸ್ಕ್ಯಾನ್ ಮಾಡಿಕೊಡುತ್ತೇನೆ. ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳುಹಿಸಿದ್ದೇನೆ. ಕನ್ನಡದಲ್ಲಿಯೂ ಪ್ರಕಟಿಸುತ್ತಿರುವುದು, ಇಲ್ಲಿ ಮತ ಹಾಕುವ ಕನ್ನಡಿಗರು ಇದನ್ನು ತಮ್ಮ ಊರಿನದೇ ಸಂಗತಿ ಎಂದು ಓದಲಿ ಎಂಬ ಆಸೆಯಿಂದ.

ಒಂದು ಫೋಟೋದ ಬಗ್ಗೆ ಹೇಳುತ್ತೇನೆ. ಹೈಟಿಯ ರಾಜಧಾನಿ ಪೋರ್ಟ್ ಔ ಪ್ರಿನ್ಸ್‌ನ ಯಾವುದೋ ಸ್ಟುಡಿಯೋದಲ್ಲಿ ತೆಗೆದದ್ದು. ಹಿಂದಿನ ಪರದೆಯ ಮೇಲೆ ಮೆಟ್ಟಿಲು, ಹೂಕುಂಡ ಬರೆದಿದ್ದಾರೆ. ಮುಂದೆ ಚರ್ಚಿನ ಮೊದಲ ಪರಮಪ್ರಸಾದದ ಬಿಳಿ ಉಡುಪಿನ ಹುಡುಗಿ, ಕೈಯಲ್ಲಿ ಮೇಣದಬತ್ತಿ. ಮಯಾಮಿಯ ತೇವಕ್ಕೆ ಫೋಟೋದ ಕೆಳಮೂಲೆ ಆಲ್ಬಮ್ಮಿನ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿದೆ. ಎಳೆದರೆ ಹುಡುಗಿಯ ಒಂದು ಪಾದವೇ ಕಿತ್ತು ಬರುತ್ತದೆ. ಆಕೆಗೆ ಈಗ ಎಂಬತ್ತರ ಸಮೀಪ. ಪರದೆ ಬರೆದವರು ಯಾರು, ಬೂಟು ಯಾರಿಂದ ಎರವಲು ತಂದದ್ದು, ಅವತ್ತು ಅಮ್ಮ ಏಕೆ ಬರಲಿಲ್ಲ, ಎಲ್ಲವೂ ನೆನಪಿದೆ. ಬರೆದುಕೊಳ್ಳಲು ನನಗೆ ಹೈಟಿಯ ಜನರ ನುಡಿಯಾದ ಕ್ರೆಯೋಲ್ ಸಾಲದು. ಮೊಮ್ಮಗಳಿಗೆ ಚೆನ್ನಾಗಿ ಬರುತ್ತದೆ. ಆದರೆ ಅವಳಿಗೆ ಎರಡು ಪಾಳಿಯ ದುಡಿಮೆ. ಸಂಬಳದ ಮಾತನ್ನು ಮೊದಲೇ ಎತ್ತಿದ್ದು ಇದಕ್ಕೇ.

ಇನ್ನು ನಗರದ ಸಾರ್ವಜನಿಕ ನೆನಪಿನಲ್ಲಿ ಹೈಟಿಯವರು ಹೇಗಿದ್ದಾರೆ ನೋಡಿ. 1972ರಲ್ಲಿ ಪೊಂಪಾನೋ ಬೀಚಿಗೆ ಬಂದಿಳಿದ ನಿರಾಶ್ರಿತರ ದೋಣಿ. 1981ರ ಅಕ್ಟೋಬರ್ 26ರಂದು ಹಿಲ್ಸ್‌ಬರೋ ಬೀಚಿನ ಮರಳಿಗೆ ಬಂದು ಬಿದ್ದ 33 ಶವಗಳು. ವಲಸಿಗರನ್ನು ಕೂಡಿಹಾಕುವ ಕ್ರೋಮ್ ಬಂಧನ ಕೇಂದ್ರದ ತಂತಿಬೇಲಿ. 1983ರಲ್ಲಿ ಅಮೆರಿಕದ ಆರೋಗ್ಯ ಅಧಿಕಾರಿಗಳು ಒಂದಿಡೀ ದೇಶದವರನ್ನೇ ಏಡ್ಸ್ ಅಪಾಯದ ಗುಂಪು ಎಂದು ಪಟ್ಟಿಗೆ ಸೇರಿಸಿದ್ದು. 2010ರ ಜನವರಿಯ ಭೂಕಂಪ. ಇವು ಯಾವುವೂ ಸುಳ್ಳಲ್ಲ, ಮರೆಯುವಂಥವೂ ಅಲ್ಲ. ಆದರೆ ಈ ಚಿತ್ರಗಳಲ್ಲಿರುವವರಿಗೆ ಹೆಸರಿಲ್ಲ. ಕ್ಯಾಮೆರಾ ಹಿಡಿದವರು ಹೆಚ್ಚಾಗಿ ಹೊರಗಿನವರು. ಮನೆಯ ಆಲ್ಬಮ್ಮಿನಲ್ಲಿ ಅದೇ ಜನ ಮದುವೆಯಲ್ಲಿದ್ದಾರೆ, ಪದವಿ ಪಡೆಯುತ್ತಿದ್ದಾರೆ, ಹೊಸ ಕಾರಿಗೆ ಒರಗಿ ನಿಂತಿದ್ದಾರೆ, ಜನವರಿ 1ರಂದು ಸ್ವಾತಂತ್ರ್ಯದ ನೆನಪಿಗೆ ಕುಡಿಯುವ ಕುಂಬಳಕಾಯಿ ಸೂಪಿನ ಮುಂದೆ ಕುಳಿತಿದ್ದಾರೆ. ಒಬ್ಬೊಬ್ಬರಿಗೂ ಹೆಸರಿದೆ.

ಕ್ಯಾಸೆಟ್‌ಗಳ ವಿಷಯ ಇನ್ನೂ ಸೂಕ್ಷ್ಮ. ಓದು ಬರಹ ಬಾರದ ಎಷ್ಟೋ ಕುಟುಂಬಗಳು ಕಾಗದದ ಬದಲು ಕ್ಯಾಸೆಟ್‌ನಲ್ಲಿ ಮಾತು ತುಂಬಿ, ಊರಿಗೆ ಹೋಗುವವರ ಕೈಯಲ್ಲಿ ಕಳುಹಿಸುತ್ತಿದ್ದವು. ಅಲ್ಲಿಂದ ಉತ್ತರವೂ ಹಾಗೆಯೇ ಬರುತ್ತಿತ್ತು. ಕಳುಹಿಸಿದ ಹಣ ತಲುಪಿತೇ, ಹಸು ಮಾರಿದರೇ, ಮಗು ಯಾರ ಹಾಗಿದೆ ಎಂಬ ಪ್ರಶ್ನೆಗಳೆಲ್ಲ ಆ ಟೇಪಿನಲ್ಲಿವೆ. ಸರ್ವಾಧಿಕಾರಿ ಡುವಾಲಿಯೆಯ ಕಾಲದಲ್ಲಿ ಯಾರ ಹೆಸರನ್ನು ಹೇಳಬಾರದು ಎಂಬ ಎಚ್ಚರವೂ ಕೇಳಿಸುತ್ತದೆ, ಮಾತಿನ ನಡುವಿನ ತಡವರಿಕೆಯಲ್ಲಿ. ಹಳೆಯ ಟೇಪು ತಾನಾಗಿಯೇ ಕೆಡುತ್ತದೆ. ಅದನ್ನು ನುಡಿಸುವ ಯಂತ್ರ ಮನೆಗಳಲ್ಲಿ ಉಳಿದಿಲ್ಲ. ಹೈಟಿಯಲ್ಲಿ ಕ್ರೆಯೋಲ್ ರೇಡಿಯೋ ಕಾರ್ಯಕ್ರಮ ಮಾಡಿದ್ದಕ್ಕೆ 1969ರಲ್ಲಿ ಬರಹಗಾರ ಜಾನ್ ಮಾಪು ಅವರನ್ನು ಫೋರ್ಟ್ ಡಿಮಾಂಶ್ ಜೈಲಿಗೆ ತಳ್ಳಿದ್ದರು. ಅದೇ ಮಾಪು ಮುಂದೆ ಲಿಟಲ್ ಹೈಟಿಯಲ್ಲಿ ಪುಸ್ತಕದಂಗಡಿ ತೆರೆದರು. ಆ ನುಡಿಗೆ ಜನ ತೆತ್ತ ಬೆಲೆ ಅಷ್ಟು. ಅದೇ ನುಡಿಯ ಮನೆಮಾತಿನ ದಾಖಲೆ ನಮ್ಮೂರಿನಲ್ಲಿ ಕಸದ ಚೀಲ ಸೇರುತ್ತಿದೆ.

ಈಗಲೇ ಏಕೆ ಅನ್ನುತ್ತೀರಿ. ಮೊದಲ ಕಾರಣ ನಿಮಗೇ ಗೊತ್ತು. ಕಡಲಂಚಿನ ಬಡಾವಣೆಗಳಿಗಿಂತ ಎತ್ತರದಲ್ಲಿರುವ ಈ ನೆಲದ ಮೇಲೆ, ಸಮುದ್ರ ಏರುತ್ತಿದೆ ಎಂಬ ಸುದ್ದಿ ಹಬ್ಬಿದ ಮೇಲೆ, ಹಣವಂತರ ಕಣ್ಣು ಬಿದ್ದಿದೆ. ಬಾಡಿಗೆ ಏರಿತು, ಜನ ನಾರ್ತ್ ಮಯಾಮಿಗೆ, ಇನ್ನೂ ಆಚೆಗೆ ಹೋಗುತ್ತಿದ್ದಾರೆ. ಮನೆ ಖಾಲಿ ಮಾಡುವಾಗ ಮೊದಲು ಎಸೆಯುವುದು ಹಳೆಯ ಪೆಟ್ಟಿಗೆಗಳನ್ನೇ. 2019ರಲ್ಲಿ ನಗರ ಆಯೋಗ ಮ್ಯಾಜಿಕ್ ಸಿಟಿ ಎಂಬ ಬೃಹತ್ ಕಟ್ಟಡ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಲಿಟಲ್ ಹೈಟಿಯ ಪುನಶ್ಚೇತನಕ್ಕೆಂದು ನಿರ್ಮಾಣಗಾರರಿಂದ 3.1 ಕೋಟಿ ಡಾಲರ್‌ನ ಭರವಸೆ ಪಡೆಯಲಾಯಿತು. ವಸತಿಗೆ, ಸಣ್ಣ ಅಂಗಡಿಗಳಿಗೆ ಅದು ಮೊದಲು ಸಲ್ಲಬೇಕು, ಒಪ್ಪುತ್ತೇನೆ. ಅದರಲ್ಲಿ ನಾನು ಕೇಳುತ್ತಿರುವುದು ಚಿಲ್ಲರೆ ಪಾಲು.

ಎರಡನೆಯ ಕಾರಣ ಹೈಟಿಯಲ್ಲಿದೆ. ಪೋರ್ಟ್ ಔ ಪ್ರಿನ್ಸ್‌ನ ಹೋಲಿ ಟ್ರಿನಿಟಿ ಕ್ಯಾಥೆಡ್ರಲ್‌ನಲ್ಲಿ ಹೈಟಿಯ ಕಲಾವಿದರು ಬರೆದ 14 ಭಿತ್ತಿಚಿತ್ರಗಳಿದ್ದವು. 2010ರ ಭೂಕಂಪದ ನಂತರ ಉಳಿದದ್ದು ಮೂರು. ಮರದ ಕುಸುರಿಗೆ ಹೆಸರಾದ ಓಲೊಫ್ಸನ್ ಹೋಟೆಲು 2025ರ ಜುಲೈನಲ್ಲಿ ಸುಟ್ಟುಹೋಯಿತು. ಸಶಸ್ತ್ರ ಗ್ಯಾಂಗುಗಳ ಹಿಂಸೆಗೆ ನೆರೆಹೊರೆಗಳೇ ಖಾಲಿಯಾಗಿವೆ. ಅಲ್ಲಿ ಸುಟ್ಟ ಮನೆಯ ಜಗಲಿ ಹೇಗಿತ್ತು ಎಂಬುದಕ್ಕೆ ಉಳಿದಿರುವ ಸಾಕ್ಷಿ ಇಲ್ಲಿನ ಆಲ್ಬಮ್ಮಿನಲ್ಲಿರಬಹುದು. ವಲಸಿಗರನ್ನು ದೇಶದ ‘ಹತ್ತನೆಯ ಪ್ರಾಂತ್ಯ’ ಎಂದು ಅಧ್ಯಕ್ಷ ಅರಿಸ್ಟೀಡ್ ಕರೆದಾಗ ಹೈಟಿಗೆ ಇದ್ದದ್ದು ಒಂಬತ್ತೇ ಪ್ರಾಂತ್ಯ. ಆ ಹತ್ತನೆಯದರ ದಫ್ತರ ನಮ್ಮ ನಗರದ ಮಂಚದ ಕೆಳಗಿದೆ.

ಜಾಗ ಹುಡುಕಬೇಕಾಗಿಲ್ಲ. ಲಿಟಲ್ ಹೈಟಿ ಸಾಂಸ್ಕೃತಿಕ ಸಂಕೀರ್ಣ ಇದೆ. ಪೋರ್ಟ್ ಔ ಪ್ರಿನ್ಸ್‌ನ ಕಬ್ಬಿಣದ ಮಾರುಕಟ್ಟೆಯ ಮಾದರಿಯಲ್ಲಿ ಕಟ್ಟಿದ ಕೆರಿಬಿಯನ್ ಮಾರುಕಟ್ಟೆ ಅಲ್ಲಿಯೇ ಇದೆ. ಅಲ್ಲಿ ಒಂದು ಕೋಣೆ, ಒಳ್ಳೆಯ ಸ್ಕ್ಯಾನರ್, ಕ್ಯಾಸೆಟ್ ನುಡಿಸುವ ಯಂತ್ರ, ಕ್ರೆಯೋಲ್ ಬಲ್ಲ ಕೆಲವು ಯುವಜನರಿಗೆ ತಿಂಗಳ ಸಂಬಳ, ಇಷ್ಟು ಸಾಕು. ತಂತ್ರಜ್ಞಾನಕ್ಕೆ ಮಾದರಿಗಳೂ ಇವೆ. ಕೊಲೆಯಾದ ಪತ್ರಕರ್ತ ಜಾಂ ಡೊಮಿನಿಕ್ ನಡೆಸುತ್ತಿದ್ದ ರೇಡಿಯೋ ಹೈಟಿಯ ಧ್ವನಿಮುದ್ರಣಗಳನ್ನು ಡ್ಯೂಕ್ ವಿಶ್ವವಿದ್ಯಾಲಯ ಡಿಜಿಟಲ್ ಮಾಡಿ, ವಿವರಗಳನ್ನು ಇಂಗ್ಲಿಷ್, ಫ್ರೆಂಚ್ ಜೊತೆಗೆ ಕ್ರೆಯೋಲ್‌ನಲ್ಲಿಯೂ ಕೊಟ್ಟಿದೆ. ಕೆರಿಬಿಯನ್ ಡಿಜಿಟಲ್ ಗ್ರಂಥಾಲಯದ ಪಾಲುದಾರರಲ್ಲಿ ನಮ್ಮೂರಿನ ಫ್ಲೋರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯವೂ ಒಂದು.

ಕಥೆಗಳನ್ನು ಮಾತ್ರ ಆ ಕೋಣೆಯಲ್ಲಿ ಕೂಡಿಹಾಕಬೇಡಿ. ಹೈಟಿಯಲ್ಲಿ ಕಥೆ ಹೇಳುವವರು ‘ಕ್ರಿಕ್?’ ಎನ್ನುತ್ತಾರೆ, ಕೇಳುವವರು ‘ಕ್ರಾಕ್!’ ಎಂದು ಕೂಗಿದರೆ ಮಾತ್ರ ಕಥೆ ಶುರು. ಪೆದ್ದ ಬೂಕಿಯನ್ನು ಚಾಲಾಕಿ ಮಲೀಸ್ ಮೋಸ ಮಾಡುವ ಕಥೆಯನ್ನು ಮೈಕಿನ ಮುಂದೆ ಒಬ್ಬಂಟಿಯಾಗಿ ಹೇಳಿ ಎಂದರೆ ಅಜ್ಜಿ ಎರಡೇ ನಿಮಿಷಕ್ಕೆ ಮುಗಿಸಿ ಎದ್ದುಬಿಡುತ್ತಾರೆ. ಮಕ್ಕಳನ್ನು ಮುಂದೆ ಕೂರಿಸಿ, ಗ್ರಂಥಾಲಯದಲ್ಲೋ ಶಾಲೆಯಲ್ಲೋ ಹೇಳಿಸಿ, ಮಕ್ಕಳ ಕೂಗಿನ ಸಮೇತ ಮುದ್ರಿಸಬೇಕು. ಹೇಳಿದವರಿಗೆ ಸಂಭಾವನೆಯೂ ಸಲ್ಲಬೇಕು. ಶಾಲು ಹೊದಿಸಿ ಕಳುಹಿಸಿದರೆ ಆಯಿತು ಎಂಬ ರೂಢಿ ನನಗೆ ಹಿಡಿಸದು.

ಒಂದು ಭಯವನ್ನೂ ನಿಮ್ಮ ಮುಂದಿಡಬೇಕು. ಅನೇಕ ಕುಟುಂಬಗಳಲ್ಲಿ ಒಬ್ಬರಿಗೆ ಪೌರತ್ವವಿದ್ದರೆ ಇನ್ನೊಬ್ಬರ ವಾಸದ ಪರವಾನಗಿ ನ್ಯಾಯಾಲಯದ ತೀರ್ಪಿನ ಮೇಲೆ ನಿಂತಿದೆ. ಹೆಸರು, ಮುಖ, ಬಂದ ವರ್ಷ ಮೂರನ್ನೂ ಒಟ್ಟಿಗೆ ಬಯಲಿಗಿಟ್ಟರೆ, ನೆನಪಿಗೆಂದು ಕೂಡಿಸಿದ್ದು ಗಡೀಪಾರಿನ ಕಡತವಾದೀತು. ಆದ್ದರಿಂದ ಮೂಲ ಫೋಟೋ, ಮೂಲ ಕ್ಯಾಸೆಟ್ ಮನೆಯವರಲ್ಲಿಯೇ ಉಳಿಯಬೇಕು. ಯಾವುದು ಬಯಲಿಗೆ, ಯಾವುದು ಮನೆಯವರಿಗಷ್ಟೇ ಎಂಬುದನ್ನು ಅವರೇ ತೀರ್ಮಾನಿಸಬೇಕು. ಕೊಟ್ಟದ್ದನ್ನು ಹಿಂಪಡೆಯುವ ಹಕ್ಕು ಬರಹದಲ್ಲಿರಬೇಕು. ಈ ಮಾತನ್ನು ನಗರದ ವಕೀಲರಿಂದ ಬರೆಸಿಕೊಡದೆ ಕೋಣೆಗೆ ದೀಪ ಹಾಕಿದರೂ ಯಾರೂ ಬರುವುದಿಲ್ಲ. ಬರಬೇಡಿ ಎಂದು ನಾನೇ ಹೇಳುತ್ತೇನೆ.

ನಗರದ ಆರ್ಥಿಕ ವರ್ಷ ಅಕ್ಟೋಬರ್ 1ರಿಂದ. ಬಜೆಟ್‌ನ ಬಹಿರಂಗ ವಿಚಾರಣೆ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಮುಂಚೆ ಈ ಬೇಡಿಕೆಗೊಂದು ಲಿಖಿತ ಉತ್ತರ ಕೊಡಿಸಿ. ಬಾರದಿದ್ದರೆ ಸಾರ್ವಜನಿಕರ ಸರದಿಯಲ್ಲಿ ನಾನೂ ಹೆಸರು ಬರೆಸುತ್ತೇನೆ. ಜೊತೆಗೆ ಬರಲು ಒಪ್ಪಿರುವ ಹಿರಿಯರು ಕ್ರೆಯೋಲ್‌ನಲ್ಲಿಯೇ ಮಾತನಾಡುತ್ತಾರೆ. ಅನುವಾದಕರನ್ನು ದಯವಿಟ್ಟು ಮೊದಲೇ ಗೊತ್ತುಮಾಡಿ.

ಇಂತಿ,
ಮಯಾಮಿಯ ಒಬ್ಬ ಕನ್ನಡಿಗ ಮತದಾರ