ಬಾಸ್ ಗಾಳ ಮುನಿರಾಬಾದಿಗ್ಯಾಕ?

ಸಂಪಾದಕರಿಗೆ ನಮಸ್ಕಾರ ರೀ,

ನಮ್ಮ ಮುನಿರಾಬಾದ್ ಡ್ಯಾಂ ಹಿನ್ನೀರಿನ ಕಡೆ ಹುಡುಗ್ರು ಮೊಬೈಲ್‌ನ್ಯಾಗ ಅಮೆರಿಕದ ಬಾಸ್ ಮೀನಿನ ವಿಡಿಯೋ ನೋಡಿ ಅದರ ಗಾಳದ ಸಾಮಾನೇ ತರಸ್ಕೊಳ್ಳಾಕತ್ಯಾರ, ತುಂಗಭದ್ರಾದಾಗ ಬಾಸ್ ಎಲ್ಲಿಂದ ಬರಬೇಕ್ರಿ, ಇಲ್ಲಿರೋದು ಕಾಟ್ಲಾ, ರೋಹು, ಕೊರಮೀನು. ಕಾಟ್ಲಾ, ರೋಹು ಹಿಟ್ಟಿನುಂಡಿಗೆ ಬರ್ತಾವ, ಬಾಸ್ ಗಾಳಕ್ಕ ಕಟ್ಟೋ ಪ್ಲಾಸ್ಟಿಕ್ ಮೀನನ್ನ ಮೂಸೂದೂ ಇಲ್ಲ. ಆ ಸಾಮಾನಿನ್ಯಾಗ ನಮಗ ಬೇಕಾಗೋದು ಒಂದ ರಬ್ಬರ್ ಕಪ್ಪಿ, ಅದರ ಕೊಕ್ಕಿ ಮೈಗೆ ಒತ್ತಿಕೊಂಡಿರ್ತೈತಿ, ಅಂತರಗಂಗಿ ಮ್ಯಾಲೆ ಎಳೆದ್ರೂ ಸಿಗಿಬೀಳಂಗಿಲ್ಲ, ಕೊರಮೀನು ಹಾರಿ ಹಿಡಿತೈತಿ. ಅದಕ್ಕ 7 ಅಡಿ ಗಟ್ಟಿ ರಾಡು, ಹೆಣೆದ ದಾರ ತಗೋರಿ. ನಾ ಅಂಗಡ್ಯಾಂವನ ಮಾತು ಕೇಳಿ ತೆಳ್ಳನ ರಾಡ್ ತಂದು ಮೊದಲ್ನೇ ದಿನಾನ ಮುರಕೊಂಡೆ, ಮನ್ಯಾಗ ಇನ್ನೂ ಆಡಕೋತಾರ. ಮಳಿಗಾಲದಾಗ ಕೊರಮೀನು ಮರಿ ಕಾಯ್ತಿರ್ತೈತಿ, ಆವಾಗ ಅದನ್ನ ಹಿಡೀಬ್ಯಾಡ್ರಿ. ಡ್ಯಾಂ ಕೆಳಗ ಮುದ್ಲಾಪುರದಿಂದ ಕಂಪ್ಲಿತನ ನೀರುನಾಯಿ ಸಂರಕ್ಷಿತ ಪ್ರದೇಶ ಐತಿ, ಅಲ್ಲಿ ಗಾಳಾನ ಹಾಕಬ್ಯಾಡ್ರಪ್ಪಾ.

— ಒಬ್ಬ ಗಾಳದ ಹುಚ್ಚ, ಕೊಪ್ಪಳ